ಗ್ಯಾರೇಜಿನ ಹಿಂದೆ ನಾಲ್ಕು

ರಾಯ್ಸ್ ಸೆಪ್ಟೆಂಬರಿನಲ್ಲಿ ಹೋದ.
ಟ್ರಕ್ಕು, ಗಾಳದ ಕೋಲು, ಅವನಮ್ಮನ ಕಬ್ಬಿಣದ ಬಾಣಲೆ
ಎಲ್ಲ ಒಯ್ದ. ಗ್ಯಾರೇಜಿನ ಹಿಂದೆ
ಹಲಗೆ ಬೇಲಿಯೊಳಗೆ ಆಮೆ ಮಾತ್ರ ಬಿಟ್ಟ, ನಾಲ್ಕು.
"ಅವಕ್ಕೇನು, ವರ್ಷವಿಡೀ ಹೊರಗೇ ಇರ್ತವೆ," ಅಂದ,
ಹೊರಗಿದ್ದರೆ ಯಾರೂ ನೋಡಿಕೊಳ್ಳಬೇಕಿಲ್ಲ ಎಂಬಂತೆ.

ಡಬ್ಬಿ ಆಮೆ. ಹಿಂಗಾಲಿಗೆ ಮೂರೇ ಬೆರಳು.
ಹೆದರಿದರೆ ತಲೆ ಕಾಲು ಬಾಲ ಒಳಗೆಳೆದು
ಹೊಟ್ಟೆಯ ಹಲಗೆಯನ್ನು ಮೇಲೆತ್ತಿ
ಒಳಗಿಂದಲೇ ಅಗಳಿ ಹಾಕಿಕೊಳ್ಳುತ್ತವೆ,
ಹುಲ್ಲಿನ ಎಸಳೂ ತೂರದಷ್ಟು ಬಿಗಿ.
ಹನ್ನೊಂದು ವರ್ಷ ಇದೇ ಮನೆಯಲ್ಲಿದ್ದೂ
ಇದನ್ನು ನಾನು ಸರಿಯಾಗಿ ನೋಡಿದ್ದು ಆ ತಿಂಗಳು.

ಅಕ್ಟೋಬರಿನಲ್ಲಿ ತಿನ್ನುವುದು ಬಿಟ್ಟವು.
ಹೆಚ್ಚಿಟ್ಟ ಸ್ಟ್ರಾಬೆರಿ ಕಪ್ಪಾಯಿತು,
ಎರೆಹುಳು ತನ್ನ ಪಾಡಿಗೆ ಮಣ್ಣು ಸೇರಿತು.
ದಾಣಿ ಅಂಗಡಿಯ ಮಾವಿಸ್
ಒಣಹುಲ್ಲಿನ ಕಟ್ಟನ್ನು ನನ್ನ ಕಾರಿನ ಡಿಕ್ಕಿಗೆ ತುರುಕುತ್ತ ಹೇಳಿದಳು:
"ಬರಿಹೊಟ್ಟೆಯಲ್ಲೇ ಮಲಗಬೇಕು ಅವು.
ಒಳಗೆ ಉಳಿದದ್ದು ಕೊಳೆಯುತ್ತೆ.
ನೀನು ಮಣ್ಣು ಸಡಿಲಿಸು, ಓಕ್ ಎಲೆ ಸುರಿ,
ರಕೂನು ಕೆದಕದಂತೆ ಜಾಲರಿ ಹೊದಿಸು.
ಆಮೇಲೆ ಕೈ ಕಟ್ಟಿಕೊಂಡು ಕೂತಿರು.
ಅದೇ ಕಷ್ಟದ ಕೆಲಸ."

ಒಂದೊಂದಾಗಿ ಇಳಿದವು. ಕೊನೆಯದು ಹಳೆಯ ಗಂಡು,
ಕೆಂಡದ ಕಣ್ಣು, ಹೊಟ್ಟೆಚಿಪ್ಪಿನ ಮೇಲೆ
ಚಾಕುವಿನಿಂದ ಗೀಚಿದ ಆರ್. ಟಿ.
ಆಗ ರಾಯ್ಸನಿಗೆ ಒಂಬತ್ತು ವರ್ಷವಂತೆ.
ಬೆನ್ನಿನ ಅಂಚು ಮಣ್ಣಲ್ಲಿ ಮುಳುಗುವಾಗ
ಒಮ್ಮೆ ನಿಂತಿತು, ಏನೋ ಮರೆತವರ ಹಾಗೆ.

ಜನವರಿ. ಓಝಾರ್ಕ್ ಗುಡ್ಡಗಳ ಮೇಲೆ
ಬಿದ್ದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿ
ತಂತಿಗಳೆಲ್ಲ ಗಾಜು. ಎರಡು ರಾತ್ರಿ ಕರೆಂಟಿಲ್ಲ.
ಮೂರು ಕಂಬಳಿ, ಎರಡು ಜೊತೆ ಕಾಲುಚೀಲ,
ಮುದುರಿಕೊಂಡು ಲೆಕ್ಕ ಹಾಕಿದೆ:
ಹೆಪ್ಪು ಎಷ್ಟು ಗೇಣು ಇಳಿದಿರಬಹುದು,
ಅವು ಎಷ್ಟು.
ನಸುಕಿಗೆ ಗುದ್ದಲಿ ಹಿಡಿದು ಬೇಲಿವರೆಗೂ ಹೋದೆ.
ಕಾಲಡಿಯ ಎಲೆ ಕರುಂ ಎಂದಿತು.
ವಾಪಸು ಬಂದೆ.
ಬದುಕಿದೆಯಾ ಎಂದು ಅಗೆದು ನೋಡಿದರೆ
ಅಷ್ಟೇ ಸಾಕು, ಕೊಲ್ಲುವುದಕ್ಕೆ.

ಫೆಬ್ರವರಿಯಲ್ಲಿ ಅವನ ಫೋನು.
ಜೋಪ್ಲಿನ್‌ನಲ್ಲಿ ಬಾಡಿಗೆ ಮನೆ, ಹಿತ್ತಿಲೂ ಇದೆಯಂತೆ.
"ಶನಿವಾರ ಬಂದು ತಗೊಂಡು ಹೋಗ್ಲಾ?"
"ನೆಲ ಕೊಡಲ್ಲ," ಅಂದೆ. "ಏಪ್ರಿಲ್‌ವರೆಗೆ ತಡಿ."
ನಾನವನಿಗೆ ತಡಿ ಅಂದದ್ದು ಅದೇ ಮೊದಲು.
ಅವನು ತಡೆದದ್ದೂ.

ಏಪ್ರಿಲ್ ಎರಡನೇ ವಾರ, ರಾತ್ರಿಯಿಡೀ ಬೆಚ್ಚನೆ ಮಳೆ.
ಬೆಳಿಗ್ಗೆ ರಾಶಿಯಲ್ಲಿ ಒಂದೇ ಒಂದು ಎಲೆ ಅಲುಗಿತು,
ಗಾಳಿ ಇರಲಿಲ್ಲ.
ಮಣ್ಣು ಮೆತ್ತಿದ ಮುಖ, ಅಂಟಿಕೊಂಡ ಒಂದು ಕಣ್ಣು,
ತಟ್ಟೆಯವರೆಗೆ ಬಂದು ಕತ್ತು ಮುಳುಗಿಸಿ
ಕುಡಿಯಿತು, ಕುಡಿಯಿತು, ಕುಡಿಯುತ್ತಲೇ ಇತ್ತು.
ನನ್ನ ಕೈಯಲ್ಲಿ ಕಾಫಿ ಆರಿತು.
ಸಂಜೆಗೆ ಎರಡು. ಗುರುವಾರಕ್ಕೆ ಮೂರು.

ಶನಿವಾರ ರಾಯ್ಸ್ ಬಂದ, ಪ್ಲಾಸ್ಟಿಕ್ ತೊಟ್ಟಿ ಹಿಡಿದು.
ಮಾವಿಸ್ ಹೇಳಿದ್ದನ್ನೇ ಹೇಳಿದೆ:
ಗುರುತಿನ ನೆಲ ಬಿಡಿಸಿದರೆ ಇವು ಹೊಸ ಜಾಗದಲ್ಲಿ
ಬೇಲಿಗುಂಟ ನಡೆಯುತ್ತವೆ, ತಿಂಗಳುಗಟ್ಟಲೆ,
ಮನೆಯ ದಿಕ್ಕಿಗೆ, ಮೂಗು ಸವೆದರೂ.
ಅವನು ಹಲಗೆಗೆ ಒರಗಿ ಎಣಿಸಿದ. ಮತ್ತೆ ಎಣಿಸಿದ.
"ನನ್ನದು?"
ನಾನು ಭುಜ ಹಾರಿಸಿದೆ. ನಿಜವಾಗಿಯೂ ಗೊತ್ತಿರಲಿಲ್ಲ.
ಖಾಲಿ ತೊಟ್ಟಿಯನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಹೋದ.

ಮೇ ಮೂರು. ಬಟ್ಟೆ ಹರವುವಾಗ
ಹುಲ್ಲಿನ ನಡುವೆ ಕೆಂಡದ ಕಣ್ಣು.
ಎತ್ತಿ ತಿರುವಿದೆ. ಆರ್. ಟಿ., ಗೀರಿನ ತುಂಬ ಮಣ್ಣು.
ಹೆಬ್ಬೆರಳಿನಿಂದ ಒರೆಸಿದೆ.
ಅದು ಅಗಳಿ ಹಾಕಿಕೊಳ್ಳಲಿಲ್ಲ.

ಫೋನು ಅಡುಗೆಮನೆಯಲ್ಲಿತ್ತು.
ನಾನು ಮೊದಲು ಎರೆಹುಳು ಹುಡುಕಿದೆ.